ಒಂದೂಕಾಲು ರೂಪಾಯಿ

ನಮ್ಮಮ್ಮ ತೀರಿಕೊಂಡಿದ್ದು 2012ರ ಮಾಘದಲ್ಲಿ. ತಿಥಿ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ದೇವರ ಗೂಡು ಒರೆಸೋಣವೆಂದು ಹೋದೆ. ಪಟದ ಹಿಂದಿದ್ದ ಹಳದಿ ಗಂಟನ್ನು ಎತ್ತುತ್ತಲೇ ಅದರ ಒಂದು ಮಗ್ಗುಲು ಪಿಸಿದು ನಾಣ್ಯಗಳು ನೆಲಕ್ಕೆ ಉರುಳಿದವು. ಇಲಿ ಕಚ್ಚಿತ್ತು. ಮುಡಿಪನ್ನು ಬಿಚ್ಚಬಾರದು ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವನು ನಾನು. ಬಿಚ್ಚಿದ್ದು ಇಲಿ ತಾನೆ, ನನಗೇನು ಪಾಪ ಎಂದುಕೊಂಡು ಮಂಡಿಯೂರಿ ಒಂದೊಂದಾಗಿ ಆರಿಸಿದೆ. ಮೂವತ್ತೇಳು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನಿಗೆ ಚಿಲ್ಲರೆ ಕಂಡರೆ ಕೈ ತಾನಾಗಿ ವಿಂಗಡಿಸುತ್ತದೆ. ಅವತ್ತೂ ವಿಂಗಡಿಸಿತು.

ಮೊದಲು ಸಿಕ್ಕಿದ್ದು ತೆನೆಯ ಚಿತ್ರದ 1950ರ ನಿಕಲ್ ರೂಪಾಯಿ. ಆಮೇಲೆ ಹುಲಿಯ ಚಿತ್ರದ ನಾಲ್ಕಾಣೆ, 1947ರದು, ಮಗುಚಿದರೆ ಆರನೆಯ ಜಾರ್ಜ್ ದೊರೆಯ ತಲೆ. ಕಮಲದ ಚಿತ್ರವಿದ್ದ ಹಳದಿ ಇಪ್ಪತ್ತು ಪೈಸೆ ಮೂರು. ಅದರಲ್ಲಿ ಬಂಗಾರ ಬೆರೆಸಿದ್ದಾರೆಂದು ನಂಬಿ ಹೆಂಗಸರು ಲಕ್ಷ್ಮೀ ಪೂಜೆಗೆ ಕೂಡಿಡುತ್ತಿದ್ದ ನಾಣ್ಯ ಅದು. 1982ರ ಏಷ್ಯಾಡ್ ಕ್ರೀಡಾಕೂಟದ ನೆನಪಿಗೆ ಹೊರಡಿಸಿದ ಇಪ್ಪತ್ತೈದು ಪೈಸೆ ಒಂದು. ಇನ್ನಷ್ಟು ಮಾಮೂಲಿ ಚಿಲ್ಲರೆ. ಕೊನೆಯಲ್ಲಿ, ಅರಿಶಿನ ಮೆತ್ತಿಕೊಂಡಿದ್ದ ಎರಡು ಹುಣಸೆ ಬೀಜ.

ಬೀಜ ಕಂಡಾಗ ಕೈ ನಿಂತಿತು. ಅದೇನೆಂದು ನನಗೆ ಗೊತ್ತಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮುಡಿಪು ಎಂದರೇನು ಎಂದು ಈಗ ಬಿಡಿಸಿ ಹೇಳಬೇಕಾದ ಕಾಲ. ಪತ್ರಿಕೆಯಲ್ಲಿ ಮಾತ್ರ ದಿನಾ ಓದುತ್ತೇವೆ: ನಾಡಿಗಾಗಿ ಬದುಕನ್ನು ಮುಡಿಪಾಗಿಟ್ಟವರು, ಕಲೆಗೆ ಜೀವ ಮುಡಿಪಿಟ್ಟವರು. ಗೇಣಗಲದ ಹಳದಿ ಬಟ್ಟೆಯನ್ನು ನೆನೆಯದೆ ಆ ಮಾತನ್ನು ಬರೆಯುತ್ತೇವೆ, ಓದುತ್ತೇವೆ. ನಮ್ಮ ಕಡೆ ಮನೆಗೆ ಕಷ್ಟ ಬಂದಾಗ ಮನೆಯ ಹೆಂಗಸು ತಲೆಗೆ ನೀರು ಹಾಕಿಕೊಂಡು, ಬಿಳಿ ಬಟ್ಟೆಯ ತುಂಡನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ನಡುವೆ ಒಂದೂಕಾಲು ರೂಪಾಯಿ ಇಟ್ಟು, ತಿರುಪತಿ ತಿಮ್ಮಪ್ಪನ ಹೆಸರು ಹೇಳಿ ಗಂಟು ಬಿಗಿಯುತ್ತಾಳೆ. ಅದು ದೇವರ ಗೂಡಿನಲ್ಲಿರುತ್ತದೆ. ಕಷ್ಟ ಕಳೆದ ಮೇಲೆ ಬೆಟ್ಟ ಹತ್ತಿ ಹುಂಡಿಗೆ ಹಾಕಬೇಕು. ಹೋಗಲಾಗದವರು ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಹಾಗೆ ಕೊಟ್ಟು ಕಳಿಸಿದ ಗಂಟನ್ನು ದಾರಿಯಲ್ಲಿ ಯಾರಾದರೂ ಹೊಡೆದುಕೊಂಡರು ಎಂಬ ಮಾತನ್ನು ನಮ್ಮೂರಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಸಂತೆಯಲ್ಲಿ ತೂಕ ಹೊಡೆಯುವವನೂ ಮುಡಿಪನ್ನು ಭದ್ರವಾಗಿ ಒಯ್ದು ಹಾಕಿ ಬರುತ್ತಿದ್ದ.

ಒಂದೂಕಾಲು ಯಾಕೆ ಎಂದು ಚಿಕ್ಕವನಿದ್ದಾಗ ತಾತನನ್ನು ಕೇಳಿದ್ದೆ. "ಒಂದು ಕೊಟ್ಟರೆ ಲೆಕ್ಕ ಚುಕ್ತಾ ಆಗೋಯ್ತು. ಕಾಲು ಸೇರಿಸಿದ್ರೆ ಮುಂದಿನ ರೂಪಾಯಿ ಶುರುವಾದಂಗೆ. ಅವನ ಜೊತೆ ಲೆಕ್ಕ ಮುಗೀಬಾರದು" ಎಂದಿದ್ದರು. ಶಾಸ್ತ್ರ ಏನು ಹೇಳುತ್ತದೋ, ನನಗೆ ತಾತನ ವಿವರಣೆ ಸಾಕಾಗಿದೆ.

"ಸಂಕಟ ಬಂದಾಗ ವೆಂಕಟರಮಣ" ಎನ್ನುವ ಗಾದೆಯನ್ನು ಎಲ್ಲರೂ ಹಂಗಿಸುವುದಕ್ಕೇ ಆಡುತ್ತಾರೆ. ಸುಖದಲ್ಲಿ ಮರೆತು ಕಷ್ಟದಲ್ಲಿ ನೆನೆಯುವ ಸಮಯಸಾಧಕ ಎಂದು ಅದರ ಅರ್ಥ. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೈಗೆ ಸಂಬಳ ಬಂದಿದ್ದ ಸೊಕ್ಕಿನಲ್ಲಿ, ಅಮ್ಮನಿಗೆ ಹೀಗೇ ಅಂದಿದ್ದೆ. ಮುಡಿಪು ಅಂದರೆ ದೇವರಿಗೆ ಲಂಚ ತಾನೆ ಎಂದೂ ಸೇರಿಸಿದ್ದೆ. ಅಮ್ಮ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ, "ಲಂಚ ಆದ್ರೆ ಕೆಲಸ ಆಗೋಕೆ ಮುಂಚೆ ಕೊಡ್ತಾರೆ ಕಣೋ, ನಿಮ್ಮ ಬ್ಯಾಂಕಲ್ಲಿ ಗೊತ್ತಿಲ್ವ?" ಎಂದು ಮತ್ತೆ ಬೀಸತೊಡಗಿದಳು.

ನಮ್ಮೂರು ಮುಳಬಾಗಿಲು ತಾಲ್ಲೂಕಿನ ಪೂರ್ವದಂಚು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಕಾವೇರಿ ಇಲ್ಲ, ಕೃಷ್ಣೆ ಇಲ್ಲ. ಕೆರೆ ತುಂಬಿದರೆ ಭತ್ತ, ಇಲ್ಲದಿದ್ದರೆ ರಾಗಿ, ಅದೂ ಇಲ್ಲದಿದ್ದರೆ ಮುಡಿಪು. ಮುಳಬಾಗಿಲು ಎಂದರೆ ಮೂಡಲ ಬಾಗಿಲು, ಮೈಸೂರು ಸೀಮೆಯಿಂದ ತಿರುಪತಿಗೆ ಹೊರಟವರು ದಾಟುತ್ತಿದ್ದ ಬಾಗಿಲು. ಹಿಂದಿನ ಯಾತ್ರಿಕರು ಊರಾಚೆಯ ನರಸಿಂಹತೀರ್ಥದಲ್ಲಿ ಮುಳುಗೆದ್ದು ಶುದ್ಧರಾಗಿ ಮುಂದೆ ಹೋಗುತ್ತಿದ್ದರು. ಹದಿನೈದನೆಯ ಶತಮಾನದ ಶ್ರೀಪಾದರಾಜರ ವೃಂದಾವನ ಇರುವುದು ಅಲ್ಲೇ. ಅವರ ಶಿಷ್ಯ ವ್ಯಾಸತೀರ್ಥರು ತಿರುಮಲೆಯಲ್ಲಿ ಹನ್ನೆರಡು ವರ್ಷ ಪೂಜೆ ನಡೆಸಿದರೆಂದು ಪರಂಪರೆ ಹೇಳುತ್ತದೆ. ಅಲ್ಲಿಂದ ನಂಗಲಿ, ಪಲಮನೇರು, ಮೊಗಿಲಿ ಘಾಟಿ, ಚಿತ್ತೂರು, ಚಂದ್ರಗಿರಿಯ ಕೋಟೆ, ಆಮೇಲೆ ಬೆಟ್ಟದ ಬುಡದ ಅಲಿಪಿರಿ. ಗಾಡಿ ಇದ್ದವರಿಗೂ ನಡೆಯುವವರಿಗೂ ಬಹುಮಟ್ಟಿಗೆ ಒಂದೇ ಹೊತ್ತು ಹಿಡಿಯುತ್ತಿತ್ತು. ಘಾಟಿಯಲ್ಲಿ ಎತ್ತಿಗೂ ಜೊತೆ ಕೊಡಬೇಕಲ್ಲ. ಅಲಿಪಿರಿಯಿಂದ ಮೇಲಕ್ಕೆ ಮೂರೂವರೆ ಸಾವಿರ ಮೆಟ್ಟಿಲು. ಮೊಣಕಾಲು ಪರ್ವತ ಎಂದು ಕರೆಯುವ ಕಡೆ ನಮ್ಮ ತಾತ ನಿಜವಾಗಿಯೂ ಮೊಣಕಾಲೂರಿ ಹತ್ತಿದ್ದರಂತೆ. ಮೊದಲ ಘಾಟಿ ರಸ್ತೆ ಆಗಿದ್ದು 1944ರಲ್ಲಿ. ಅದಕ್ಕೆ ಮುಂಚೆ ಬೆಟ್ಟ ಹತ್ತಿದ ಪ್ರತಿ ಗಂಟೂ ಮನುಷ್ಯನ ಸೊಂಟದಲ್ಲೋ ಡೋಲಿಯಲ್ಲೋ ಹೋಗಿದ್ದೇ.

ಇಷ್ಟು ದೂರ ಹೋಗಲಾರದವರಿಗೆ ನಮ್ಮ ಜಿಲ್ಲೆಯಲ್ಲೇ ಮಾಲೂರು ಕಡೆಯ ಚಿಕ್ಕತಿರುಪತಿ ಇತ್ತು, ಗುಟ್ಟಹಳ್ಳಿಯ ಬಂಗಾರು ತಿರುಪತಿ ಇತ್ತು. ಅಲ್ಲಿಗೂ ಆಗದವರಿಗೆ ಮನೆಯಂಗಳದ ಹರಿಸೇವೆ. ಶ್ರಾವಣದ ಶನಿವಾರ ದಾಸಯ್ಯ ಶಂಖ ಜಾಗಟೆ ತಂದು, ಗರುಡಗಂಬ ಹಚ್ಚಿ, ಭವನಾಸಿಯನ್ನು ಮುಂದಿಟ್ಟು ಗೋವಿಂದಾ ಎಂದರೆ ತಿಮ್ಮಪ್ಪ ಬಂದ ಹಾಗೆ. ನಾಮ ಬಳಿದ ತಂಬಿಗೆ ಹಿಡಿದು ಮನೆ ಮನೆಗೆ ಹೋಗಿ ಅಕ್ಕಿ ಬೇಡುವುದು ಮಕ್ಕಳ ಕೆಲಸ. ಉಳ್ಳವರ ಮನೆಯ ಮಕ್ಕಳೂ ಅವತ್ತು ಬೇಡಲೇಬೇಕಿತ್ತು. ನನಗೆ ಆ ಅಕ್ಕಿಯ ಅನ್ನಕ್ಕಿಂತ, ಅಕ್ಕ ನನ್ನ ತಂಬಿಗೆಯಿಂದ ತನ್ನ ತಂಬಿಗೆಗೆ ಕದ್ದು ಸುರಿದುಕೊಳ್ಳುತ್ತಿದ್ದುದು ಹೆಚ್ಚು ನೆನಪು.

ನಮ್ಮ ಸೀಮೆಯ ರೈತರಿಗೆ ಈ ದೇವರು ಒಗ್ಗಲು ಇನ್ನೊಂದು ಕಾರಣವೂ ಇದೆ. ಅವನೂ ಸಾಲಗಾರ. ಪದ್ಮಾವತಿಯನ್ನು ಮದುವೆಯಾಗಲು ಕುಬೇರನ ಹತ್ತಿರ ಸಾಲ ಮಾಡಿದ, ಕಲಿಯುಗ ಮುಗಿಯುವವರೆಗೆ ಬಡ್ಡಿ ಕಟ್ಟುತ್ತಲೇ ಇರುತ್ತಾನೆ ಎಂದು ಕಥೆ. ಬಡ್ಡಿ ಕಾಸಿನವ ಎಂದೇ ತೆಲುಗರು ಕರೆಯುತ್ತಾರೆ. ಮದುವೆಗೆ ಸಾಲ ಮಾಡಿ ಸಾಯುವತನಕ ಬಡ್ಡಿ ಕಟ್ಟುವ ದೇವರಿಗೆ, ಮದುವೆಗೆ ಸಾಲ ಮಾಡಿ ಸಾಯುವತನಕ ಬಡ್ಡಿ ಕಟ್ಟುವ ರೈತನ ಪಾಡನ್ನು ಹೇಳಿಕೊಡಬೇಕೆ? ಹಾಗೆಂದು ಅವನು ಬಡ್ಡಿ ಬಿಡುವವನೂ ಅಲ್ಲ. ಹರಕೆ ತಡವಾದರೆ ಮುಡಿಪಿಗೆ ಬಡ್ಡಿ ಸೇರಿಸಿ ಹಾಕಬೇಕು ಎನ್ನುವುದು ನಮ್ಮ ಕಡೆಯ ಕಟ್ಟುನಿಟ್ಟು.

ಆ ಬೆಟ್ಟಕ್ಕೆ ದೊಡ್ಡವರು ಕೊಟ್ಟದ್ದೆಲ್ಲ ಕಲ್ಲಿನ ಮೇಲಿದೆ. ಕೃಷ್ಣದೇವರಾಯ 1513ರಿಂದ 1521ರ ನಡುವೆ ಏಳು ಸಲ ಬಂದ. ಉದಯಗಿರಿಯನ್ನು ಗೆದ್ದು ಬಂದಾಗ 30,000 ಹೊನ್ನಿನ ನಾಣ್ಯಗಳಿಂದ ದೇವರಿಗೆ ಅಭಿಷೇಕ ಮಾಡಿಸಿದ. ತಿರುಮಲದೇವಿ, ಚಿನ್ನಾದೇವಿಯರ ಜೊತೆ ಕೈಮುಗಿದು ನಿಂತ ಅವನ ವಿಗ್ರಹ ಇವತ್ತಿಗೂ ಮಹಾದ್ವಾರ ದಾಟಿದ ಕೂಡಲೇ ಕಾಣುತ್ತದೆ. ನೂಕುನುಗ್ಗಲಿನಲ್ಲಿ ಯಾರೂ ನೋಡುವುದಿಲ್ಲ, ಅದು ಬೇರೆ ಮಾತು. ಒಂದೂಕಾಲು ರೂಪಾಯಿ ತಂದವರ ಹೆಸರನ್ನು ಯಾವ ಕಲ್ಲೂ ಬರೆದುಕೊಂಡಿಲ್ಲ.

ಕಲ್ಲು ಬರೆಯದಿದ್ದರೂ ಲೆಕ್ಕದವರು ಬಿಡಲಿಲ್ಲ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಆರ್ಕಾಟಿನ ನವಾಬ ತನ್ನ ಯುದ್ಧದ ಸಾಲಕ್ಕಾಗಿ ತಿರುಪತಿಯ ಹುಟ್ಟುವಳಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಯೋಚನೆ ಮಾಡಿದರೆ ನಗು ಬರುತ್ತದೆ. ಮುಳಬಾಗಿಲಿನ ಒಬ್ಬ ಹೆಂಗಸು ಮಗುವಿನ ಜ್ವರಕ್ಕೆ ಗಂಟು ಕಟ್ಟುತ್ತಾಳೆ, ಅದು ಕುಬೇರನ ಸಾಲಕ್ಕೆಂದು ಬೆಟ್ಟ ಹತ್ತುತ್ತದೆ, ಅಲ್ಲಿಂದ ನವಾಬನ ಸಾಲಕ್ಕೆಂದು ಇಳಿದು ಮದರಾಸಿನ ಕೋಟೆ ಸೇರುತ್ತದೆ. 1801ರ ಹೊತ್ತಿಗೆ ಆರ್ಕಾಟು ಸೀಮೆಯೇ ಕಂಪನಿಯದಾಯಿತು, ದೇವಸ್ಥಾನವೂ ಅದರ ನೇರ ಕೈಗೆ ಬಂತು. 1821ರಲ್ಲಿ ಬ್ರೂಸ್ ಎಂಬ ಅಧಿಕಾರಿ ಅಲ್ಲಿನ ಆಡಳಿತಕ್ಕೆ ಕಟ್ಟಳೆ ಬರೆದಿಟ್ಟ. ಬ್ರೂಸ್ ಕೋಡ್ ಎಂದೇ ಅದಕ್ಕೆ ಹೆಸರು. ಕ್ರೈಸ್ತ ಸರ್ಕಾರವೊಂದು ವಿಗ್ರಹದ ಕಾಣಿಕೆ ಎಣಿಸುವುದೇ ಎಂದು ಇಂಗ್ಲೆಂಡಿನ ಪಾದ್ರಿಗಳು ಗಲಾಟೆ ಎಬ್ಬಿಸಿದ ಮೇಲೆ, 1843ರಲ್ಲಿ ಕಂಪನಿ ಕೈ ತೊಳೆದುಕೊಂಡು ಹಾಥಿರಾಮ್‌ಜಿ ಮಠದ ಮಹಂತರಿಗೆ ಒಪ್ಪಿಸಿತು. ಅವರ ಕಾಲವೂ ತಂಟೆ ತಕರಾರು ಇಲ್ಲದ್ದೇನಲ್ಲ. 1933ರಲ್ಲಿ ಈಗಿನ ದೇವಸ್ಥಾನಂ ಆಡಳಿತ ಬಂತು.

ಬ್ಯಾಂಕಿನವನಾಗಿ ನನಗೆ ಆಶ್ಚರ್ಯವೆನಿಸುವುದು ಇದು. ಕಂಪನಿ ಹಣ ಎತ್ತುತ್ತಿದೆ ಎಂಬುದು ಗುಟ್ಟಾಗಿರಲಿಲ್ಲ. ಆದರೂ ಮುಡಿಪು ಕಟ್ಟುವುದು ನಿಲ್ಲಲಿಲ್ಲ. ಹಣ ಹುಂಡಿಗೆ ಬಿದ್ದ ಮೇಲೆ ಎಲ್ಲಿ ಹೋಗುತ್ತದೆ ಎನ್ನುವುದು ಕಟ್ಟಿದವಳ ಪ್ರಶ್ನೆಯೇ ಆಗಿರಲಿಲ್ಲವೆಂದು ಕಾಣುತ್ತದೆ. ಅವಳಿಗೆ ಬೇಕಾಗಿದ್ದ ಕೆಲಸವನ್ನು ಆ ಗಂಟು ಬೆಟ್ಟ ಮುಟ್ಟುವ ಮೊದಲೇ, ಗೂಡಿನಲ್ಲಿ ಕೂತಷ್ಟು ದಿನ, ಮಾಡಿ ಮುಗಿಸಿರುತ್ತಿತ್ತು.

ಹುಣಸೆ ಬೀಜಕ್ಕೆ ಬರುತ್ತೇನೆ.

1876ರಿಂದ 78ರವರೆಗಿನ ಬರಕ್ಕೆ ನಮ್ಮ ಹಿರಿಯರು ಧಾತು ಈಶ್ವರ ಬರ ಎನ್ನುತ್ತಾರೆ, ಆ ಎರಡು ಸಂವತ್ಸರಗಳ ಹೆಸರಿನಲ್ಲಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50 ಲಕ್ಷದ 55 ಸಾವಿರ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41 ಲಕ್ಷದ 86 ಸಾವಿರ. ಬೆಳೆಯಬೇಕಾಗಿದ್ದ ಸಂಖ್ಯೆ ಎಂಟು ಲಕ್ಷಕ್ಕೂ ಮೇಲೆ ಇಳಿದಿತ್ತು. ಕೋಲಾರದ ಕೆರೆಗಳು ಮೈದಾನಗಳಾಗಿದ್ದವು. ಜನ ಕತ್ತಾಳೆಯ ಬುಡ ತಿಂದರು, ಹುಣಸೆ ಬೀಜ ಹುರಿದು ಕುಟ್ಟಿ ಅಂಬಲಿ ಕಾಯಿಸಿದರು ಎಂದು ಅಮ್ಮ ತನ್ನ ಅಜ್ಜಿಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದಳು.

ಆ ಅಜ್ಜಿಯ ತಾಯಿಯ ಮನೆಯಲ್ಲಿ ಆಗ ಒಂದು ಮುಡಿಪಿತ್ತು. ಒಂದು ಬೆಳ್ಳಿ ರೂಪಾಯಿ, ಒಂದು ನಾಲ್ಕಾಣೆ. ಮಕ್ಕಳು ಮೂರು. ಇಂಥ ಕಥೆಗಳಲ್ಲಿ ಹಸಿದು ಸತ್ತರೂ ದೇವರ ದುಡ್ಡು ಮುಟ್ಟಲಿಲ್ಲ ಎಂದು ಬರುವುದು ವಾಡಿಕೆ. ನಮ್ಮ ಮುತ್ತಜ್ಜಿಯ ತಾಯಿ ಮುಟ್ಟಿದಳು. ಗಂಟು ಬಿಚ್ಚಿ, ರೂಪಾಯಿ ತೆಗೆದು ಅದರ ಜಾಗಕ್ಕೆ ಒಂದು ಹುಣಸೆ ಬೀಜ ಇಟ್ಟಳು, ನಾಲ್ಕಾಣೆ ತೆಗೆದು ಇನ್ನೊಂದು ಬೀಜ ಇಟ್ಟಳು, ಮತ್ತೆ ಬಿಗಿದು ಗೂಡಿಗೆ ಸೇರಿಸಿದಳು. ಆ ದುಡ್ಡಿಗೆ ಸಿಕ್ಕಷ್ಟು ರಾಗಿ ತಂದಳು. ಮಳೆ ಬಂದು, ಎರಡು ಸುಗ್ಗಿ ಕಳೆದ ಮೇಲೆ ಎರಡೂವರೆ ರೂಪಾಯಿ ಇಟ್ಟು ಕಟ್ಟಿ ಕಳಿಸಿದಳು. ಅಸಲು ಒಂದೂಕಾಲು, ಬಡ್ಡಿ ಒಂದೂಕಾಲು. ಅಷ್ಟು ಬಡ್ಡಿ ನಾನು ಕೆಲಸ ಮಾಡಿದ ಯಾವ ಶಾಖೆಯಲ್ಲೂ ಯಾರಿಗೂ ಹಾಕಿಲ್ಲ.

ಈ ಕಥೆಯಲ್ಲಿ ನನಗೆ ವರ್ಷಗಟ್ಟಲೆ ಹೊಳೆಯದೆ ಇದ್ದದ್ದೊಂದಿದೆ. ಆ ವರ್ಷ ಹುಣಸೆ ಬೀಜವೂ ತಿನ್ನುವ ವಸ್ತು. ಕಲ್ಲನ್ನೋ ಮಡಕೆಯ ಚೂರನ್ನೋ ಇಡಬಹುದಿತ್ತು. ಆಕೆ ದೇವರಿಗೆ ಬರೆದುಕೊಟ್ಟ ಸಾಲಪತ್ರವೂ ಮಕ್ಕಳ ಹೊಟ್ಟೆಗೆ ಹೋಗಬಹುದಾಗಿದ್ದದ್ದೇ.

ಬರದ ಹಿಂದೆ 1898ರಲ್ಲಿ ಪ್ಲೇಗು ಬಂತು. ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡವರು ದೇವರ ಗೂಡಿನಿಂದ ಪಟ ಬಿಟ್ಟರೂ ಗಂಟು ಬಿಡದೆ ಒಯ್ದರಂತೆ. 1918ರ ಜ್ವರದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಒಂದೊಂದು ಪಿಡುಗಿಗೂ ನಮ್ಮೂರಲ್ಲಿ ಮಾರಮ್ಮನಿಗೆ ಕುರಿ, ತಿಮ್ಮಪ್ಪನಿಗೆ ಮುಡಿಪು. ಇಬ್ಬರಿಗೂ ಮುನಿಸು ಬರಬಾರದು.

ಈಗ ನಾನು ಕಂಡದ್ದು. 1961ರ ಶ್ರಾವಣ. ಅಕ್ಕನಿಗೆ ಹತ್ತು ವರ್ಷ, ನನಗೆ ಎಂಟು. ಆ ಸಲದ ಶನಿವಾರ ತಂಬಿಗೆ ಹಿಡಿದು ಹೊರಟಿದ್ದು ನಾನೊಬ್ಬನೇ. ಅಕ್ಕನಿಗೆ ವಿಷಮಶೀತ ಜ್ವರ. ನಾಟಿ ಔಷಧಿ, ತಾಯಿತ, ತಣ್ಣೀರ ಬಟ್ಟೆ, ಎಲ್ಲ ಆಯಿತು. ಅಮ್ಮ ಮುಡಿಪು ಕಟ್ಟಿದಳು: ಹುಡುಗಿ ಎದ್ದರೆ ಅವಳನ್ನು ನಡೆಸಿಕೊಂಡು ಬೆಟ್ಟಕ್ಕೆ ತರುತ್ತೇನೆ, ಮುಡಿ ಕೊಡಿಸುತ್ತೇನೆ. ತೆನೆಯ ರೂಪಾಯಿ, ಹುಲಿಯ ನಾಲ್ಕಾಣೆ. ನಯಾ ಪೈಸೆ ಬಂದು ನಾಲ್ಕು ವರ್ಷವಾಗಿತ್ತು, ಆದರೂ ಅಮ್ಮನ ಕೈಗೆ ಆಣೆಯೇ ದುಡ್ಡು. ಮೂರು ರಾತ್ರಿ ಆ ಗಂಟನ್ನು ಅಕ್ಕನ ತಲೆದಿಂಬಿನ ಕೆಳಗೆ ಇಟ್ಟು ಕೂತಿದ್ದಳು. ಗಾಡಿ ಕಟ್ಟಿ ಪೇಟೆಯ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಹೊತ್ತು ಮೀರಿತ್ತು.

ಅಕ್ಕನ ಕಾರ್ಯ ಮುಗಿದ ಮೇಲೆ ಅಪ್ಪ ಆ ಗಂಟನ್ನು ಬಾವಿಗೆ ಎಸೆಯಲು ಎತ್ತಿಕೊಂಡರು. ನಮ್ಮಪ್ಪ ಕೂಗಾಡುವವರಲ್ಲ. ಅವತ್ತು ಕೂಗಿದರು. "ಕೇಳದೇ ಇರೋನಿಗೆ ಇದ್ಯಾಕೆ ಇಟ್ಕೊಂಡಿದೀಯ?" ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಕೇಳ್ಲಿಲ್ಲ ಅಂತ ಯಾರ್ ಹೇಳಿದ್ದು? ಕೇಳಿಸ್ಕೊಂಡ. ಕೊಡ್ಲಿಲ್ಲ, ಅಷ್ಟೇ."

ಗಂಟನ್ನು ಅವರ ಕೈಯಿಂದ ತೆಗೆದುಕೊಂಡು ಗೂಡಿನಲ್ಲಿ ಇಟ್ಟಳು. ಬಿಚ್ಚಬಹುದಲ್ಲ, ಹರಕೆ ಹೇಗೂ ತೀರದ್ದು ಎಂದು ನಮ್ಮತ್ತೆ ಸಮಾಧಾನ ಹೇಳಿದಾಗ, "ಕಟ್ಟಿದ್ದು ನಾನು. ಬಿಚ್ಚೋಕೆ ಈಗ ನಂದಲ್ಲ" ಎಂದಳು.

ನಾನು ಎಪ್ಪತ್ತು ದಾಟಿದ್ದೇನೆ. ಭಕ್ತಿಯ ಮೇಲೆ ಉಪನ್ಯಾಸಗಳನ್ನು ಕೇಳಿದ್ದೇನೆ, ಒಂದೆರಡು ಸಲ ವೇದಿಕೆಯ ಮೇಲೆ ಕೂತೂ ಕೇಳಿದ್ದೇನೆ. ಕೇಳಿಸಿಕೊಂಡ, ಕೊಡಲಿಲ್ಲ ಎನ್ನುವುದನ್ನು ಯಾರೂ ಅಷ್ಟು ಸಲೀಸಾಗಿ ಹೇಳಿದ್ದು ಕೇಳಿಲ್ಲ. ನನಗೆ ಅಷ್ಟು ನಂಬಿಕೆ ಇದೆಯೋ ಇಲ್ಲವೋ, ಅದರ ಮಾತು ಬೇಡ. ಆದರೆ ಮುಡಿಪನ್ನು ಲಂಚ, ವ್ಯಾಪಾರ, ಕೊಟ್ಟು ತೆಗೆದುಕೊಳ್ಳುವ ಬಾಬತ್ತು ಎಂದು ಬರೆಯುವವರು ಇಂಥ ಗಂಟುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕೆಲಸವಾಗದ ಮುಡಿಪುಗಳು ಎಷ್ಟು ಮನೆಗಳ ಗೂಡಿನಲ್ಲಿ ಕೂತಿದ್ದವೋ, ಅವು ಹುಂಡಿಗೆ ಬೀಳುವುದಿಲ್ಲವಾದ್ದರಿಂದ ಯಾವ ಖಾತೆಯಲ್ಲೂ ಇಲ್ಲ.

ಅಮ್ಮ ಆ ಗಂಟನ್ನು ಸುಮ್ಮನೆ ಕೂರಿಸಲಿಲ್ಲ. ಬೆಳೆಗೆ, ದನಕ್ಕೆ, ತಂಗಿಯ ಮದುವೆಗೆ ಬೇರೆ ಮುಡಿಪು ಕಟ್ಟಿ, ಒಯ್ದು ಹಾಕಿ ಬರುತ್ತಿದ್ದಳು. ಪ್ರಾಣಕ್ಕೆ ಬಂದಾಗ ಮಾತ್ರ ಇದರ ಬಾಯಿ ಸಡಿಲಿಸಿ ಒಂದು ನಾಣ್ಯ ತೂರಿಸುತ್ತಿದ್ದಳು. ಕಮಲದ ಇಪ್ಪತ್ತು ಪೈಸೆಗಳು ತಮ್ಮನಿಗೆ ಹಾವು ಕಚ್ಚಿದಾಗಿನವು. ಏಷ್ಯಾಡ್ ನಾಣ್ಯ ಅಪ್ಪನ ಹೊಟ್ಟೆಯ ಆಪರೇಷನ್ನಿಗೆ ಹಾಕಿದ್ದು. ಬ್ಯಾಂಕಿನಿಂದ ನಾನೇ ಹೊಸ ನಾಣ್ಯವೆಂದು ತಂದುಕೊಟ್ಟಿದ್ದೆ. ಇಬ್ಬರೂ ಉಳಿದರು. ಯಾರ ಮೇಲೆ ಸಿಟ್ಟಾಗಬೇಕಿತ್ತೋ ಅವನಿಗೇ, ಅದೇ ಗಂಟಿನಲ್ಲಿ, ಮತ್ತೆ ಯಾಕೆ ಎಂದು ಒಮ್ಮೆ ಕೇಳಿದೆ. "ಇದು ಅವನಿಗೆ ಗೊತ್ತಿರೋ ಗಂಟು" ಎಂದಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹೊಸ ಖಾತೆ ತೆರೆಯುವುದಕ್ಕಿಂತ ಹಳೆಯ ಗಿರಾಕಿ ಎಂದು ಗುರುತು ಹೇಳಿ ಒಳಗೆ ಹೋಗುವುದು ಸುಲಭ.

ಆ ಎರಡು ಬೀಜ ಯಾವಾಗ ಒಳಗೆ ಸೇರಿದವೋ ತಿಳಿಯದು. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಶುಲ್ಕಕ್ಕೆ ಮನೆಯಲ್ಲಿ ದುಡ್ಡಿಲ್ಲದೆ ಒದ್ದಾಡಿ, ಮರುದಿನ ಬೆಳಿಗ್ಗೆ ಅಮ್ಮ ಎಲ್ಲಿಂದಲೋ ತಂದುಕೊಟ್ಟದ್ದು ನೆನಪಿದೆ. ಅದರಲ್ಲಿ ಇದೂ ಸೇರಿತ್ತೆಂದು ನನ್ನ ಗುಮಾನಿ. ಹಾಗಿದ್ದರೆ ನನ್ನ ನೌಕರಿಯ ಬುಡದಲ್ಲಿ ತಿಮ್ಮಪ್ಪನ ಸಾಲವಿದೆ.

ಅಮ್ಮ ತೀರಿಕೊಳ್ಳುವ ಹಿಂದಿನ ವರ್ಷ, 2011ರ ಜೂನ್ 30ರಿಂದ, ಇಪ್ಪತ್ತೈದು ಪೈಸೆ ಮತ್ತು ಅದಕ್ಕೆ ಕೆಳಗಿನ ನಾಣ್ಯಗಳು ಚಲಾವಣೆಯಿಂದ ಹೋಗಿದ್ದವು. ಅವಧಿ ಮುಗಿಯುವ ಮೊದಲು ಬದಲಾಯಿಸಿಕೊಳ್ಳಲು ಜನ ಬೇಬಿ ಪೌಡರ್ ಡಬ್ಬಿಗಳಲ್ಲಿ ತುಂಬಿಸಿ ತಂದು ನನ್ನ ಕೌಂಟರಿನ ಮೇಲೆ ಸುರಿದಿದ್ದರು. ಈಗ ನನ್ನ ಮುಂದಿನ ನಾಣ್ಯಗಳಲ್ಲಿ ಅರ್ಧಕ್ಕರ್ಧ ನಾನೇ ಕೌಂಟರಿನಲ್ಲಿ ವಾಪಸು ಕಳಿಸಬೇಕಾದವು. ದೇವರು ತೆಗೆದುಕೊಳ್ಳುತ್ತಾನೆಯೇ? ಊರಿನ ಗುಡಿಯ ಪೂಜಾರಿಯವರನ್ನು ಕೇಳಿದೆ. ಹರಕೆ ತೀರಿಲ್ಲ, ಹರಕೆ ಹೊತ್ತವಳಿಲ್ಲ, ಯಾರಿಗಾಗಿ ಹೊತ್ತಳೋ ಅವಳೂ ಇಲ್ಲ, ಏನು ಮಾಡಲಿ ಎಂದೆ. ಅವರು ಅಡಿಕೆ ಕತ್ತರಿಸುತ್ತಾ, "ಉಳಿದೋನು ಒಬ್ಬನೇ ಅಲ್ವೇನಪ್ಪ, ಹೋಗಿ ಅವನನ್ನೇ ಕೇಳು" ಎಂದರು.

ಹೊಸ ಬಟ್ಟೆ ಅರಿಶಿನದಲ್ಲಿ ಅದ್ದಿ, ಎಲ್ಲವನ್ನೂ ಹಾಗೇ ಇಟ್ಟು, ಎರಡು ಬೀಜಗಳ ಬಾಬತ್ತು ಅಸಲು ಬಡ್ಡಿಯೆಂದು ನನ್ನ ಕೈಯಿಂದ ಒಂದು ನೂರರ ನೋಟು ಸೇರಿಸಿ ಕಟ್ಟಿದೆ. ಬೀಜ ತೆಗೆಯಲಿಲ್ಲ. ರಶೀದಿ ಗಿರಾಕಿಯ ಹತ್ತಿರ ಇರಬೇಕು, ನಿಜ. ಆದರೆ ಇಲ್ಲಿ ಗಿರಾಕಿ ಯಾರು ಎಂದು ನನಗೆ ತೀರ್ಮಾನವಾಗಲಿಲ್ಲ.

ನಿವೃತ್ತನಾದ ಮರುವರ್ಷ, 2014ರಲ್ಲಿ, ಪರಕಾಮಣಿ ಸೇವೆಗೆ ಹೋದೆ. ಪರಕಾಮಣಿ ಎಂದರೆ ತಿರುಮಲೆಯ ಹುಂಡಿ ಎಣಿಸುವ ಕೆಲಸ. ದುಡ್ಡು ಎಣಿಸಿ ಅಭ್ಯಾಸವಿರುವ ಬ್ಯಾಂಕಿನವರನ್ನು ಸೇವೆಗೆ ಕರೆಯುತ್ತಾರೆ. ಮುನ್ನಾದಿನ ದರ್ಶನಕ್ಕೆ ನಿಂತು, ಬಿಳಿ ಬಟ್ಟೆಯ ದೊಡ್ಡ ಜೋಳಿಗೆಯಂಥ ಹುಂಡಿಗೆ ಗಂಟು ಹಾಕಿದೆ. ಸದ್ದಾಗಲಿಲ್ಲ. ಹಿಂದಿನಿಂದ ಯಾರೋ ತಳ್ಳಿದರು, ಮುಂದೆ ಬಂದೆ. ಐವತ್ಮೂರು ವರ್ಷ ಗೂಡಿನಲ್ಲಿದ್ದದ್ದು ಅಷ್ಟರಲ್ಲಿ ಹೋಗಿತ್ತು.

ಮರುದಿನ ಜೇಬಿಲ್ಲದ ಪಂಚೆ ಬನಿಯನ್ನಿನಲ್ಲಿ ನಮ್ಮನ್ನು ಸಾಲಾಗಿ ನೆಲದ ಮೇಲೆ ಕೂರಿಸಿದರು. ನಡುವೆ ರಾಶಿ. ನೋಟು, ಚಿಲ್ಲರೆ, ಹೊರದೇಶದ ದುಡ್ಡು, ಮೈಮೇಲಿನ ಒಡವೆಯನ್ನೆಲ್ಲ ಬಿಚ್ಚಿ ಹಾಕುವ ನಿಲುವುದೋಪಿಡಿ ಹರಕೆಯವರ ಸರ, ಬಳೆ. ಮತ್ತೆ ಹಳದಿ ಗಂಟುಗಳು. ನಾನು ನೋಟು ಜೋಡಿಸುತ್ತಿದ್ದರೂ ಕಣ್ಣು ಮಾತ್ರ ನಮ್ಮ ಗಂಟನ್ನು ಹುಡುಕುತ್ತಿತ್ತು. ಹೊಸ ಬಟ್ಟೆ, ನಾನೇ ಕಟ್ಟಿದ ಗಂಟು, ಗುರುತು ಸಿಗದೆ ಇರುತ್ತದೆಯೇ ಎಂದುಕೊಂಡಿದ್ದೆ. ಎಲ್ಲವೂ ಹೊಸ ಬಟ್ಟೆಯೇ, ಎಲ್ಲದರ ಗಂಟೂ ಒಂದೇ. ಒಂದನ್ನು ಬಿಚ್ಚಿದಾಗ ನಾಣ್ಯದ ಜೊತೆ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿತು. ಇನ್ನೊಂದರಲ್ಲಿ ಮಗುವಿನ ಕಾಲಿನ ಒಂದೇ ಗೆಜ್ಜೆ. ಮೂರನೆಯದರಲ್ಲಿ ಒಂದು ರೂಪಾಯಿ, ಮತ್ತೇನಿಲ್ಲ. ಕೈ ನಿಂತದ್ದನ್ನು ಕಂಡ ಮೇಲ್ವಿಚಾರಕರು, "ಸ್ವಾಮೀ, ಎಣಿಸಿ" ಎಂದು ತೆಲುಗಿನಲ್ಲಿ ಗದರಿದರು. ಅವರ ತಪ್ಪೇನಿಲ್ಲ. ನನ್ನ ಶಾಖೆಯಲ್ಲಿ ನಾನೂ ಹಾಗೇ ಗದರುತ್ತಿದ್ದೆ.

ಕೊರೋನಾ ಬಂದು, 2020ರ ಮಾರ್ಚ್ 20ರಿಂದ ಜೂನ್ ಎರಡನೆಯ ವಾರದವರೆಗೆ ತಿರುಮಲೆಯಲ್ಲಿ ಭಕ್ತರಿಗೆ ದರ್ಶನ ಇರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನನ್ನ ಮಗನಿಗೆ ಆಮ್ಲಜನಕ ಇಳಿಯುತ್ತಾ ಹೋಗಿ, ಹಾಸಿಗೆಗೆಂದು ಒಂದು ಹಗಲು ಒಂದು ರಾತ್ರಿ ಫೋನು ಮಾಡಿದೆವು. ಸೊಸೆ ಕಂಪ್ಯೂಟರ್ ಕೆಲಸದವಳು, ಇಂಥದ್ದರಲ್ಲಿ ನಂಬಿಕೆ ಇದೆಯೆಂದು ಎಂದೂ ತೋರಿಸಿಕೊಂಡವಳಲ್ಲ. ರಾತ್ರಿ ಎರಡು ಗಂಟೆಗೆ ವಿಡಿಯೋ ಕರೆ ಮಾಡಿ, "ಮಾವ, ಮುಡಿಪು ಕಟ್ಟೋದು ಹೇಗೆ?" ಎಂದಳು. ಹೇಳಿದೆ. ಬಿಳಿ ಕರ್ಚೀಫು ಸಿಕ್ಕಿತು, ಅರಿಶಿನ ಸಿಕ್ಕಿತು, ರೂಪಾಯಿ ಸಿಕ್ಕಿತು. "ಕಾಲು ರೂಪಾಯಿ ಈಗ ಎಲ್ಲಿ ಸಿಗುತ್ತೆ ಮಾವ?" ಎಂದಳು. ನನಗೂ ತೋಚಲಿಲ್ಲ. ಅಡುಗೆಮನೆಯಲ್ಲಿ ಹುಣಸೆ ಇದೆಯೇ ಎಂದೆ. ಇದ್ದದ್ದು ಬೀಜ ತೆಗೆದ ಪೊಟ್ಟಣದ ಹುಣಸೆಹಣ್ಣು. ಕೊನೆಗೆ ಒಂದು ಅರಿಶಿನದ ಕೊಂಬನ್ನು ಮುರಿದು, ಕಾಲು ಭಾಗವನ್ನು ರೂಪಾಯಿಯ ಜೊತೆ ಇಟ್ಟು ಕಟ್ಟಿದಳು.

ಬೆಳಿಗ್ಗೆ ಹಾಸಿಗೆ ಸಿಕ್ಕಿತು. ಹನ್ನೆರಡು ದಿನಕ್ಕೆ ಮಗ ಮನೆಗೆ ಬಂದ. ಅದೇ ವಾರ ಅದೇ ಬೀದಿಯ ಇನ್ನೆರಡು ಮನೆಗಳಲ್ಲಿ ಹಾಗಾಗಲಿಲ್ಲ. ಅಲ್ಲೂ ಮುಡಿಪು ಕಟ್ಟಿದ್ದರೆಂದು ಆಮೇಲೆ ತಿಳಿಯಿತು.

ಸೊಸೆಯ ಗಂಟು ಇನ್ನೂ ಅವರ ಮನೆಯಲ್ಲೇ ಇದೆ. ಮುನ್ನೂರು ರೂಪಾಯಿಯ ದರ್ಶನದ ಟಿಕೆಟ್ಟು ಇಬ್ಬರಿಗೂ ರಜೆ ಇರುವ ದಿನಕ್ಕೆ ಸಿಗುತ್ತಿಲ್ಲ. ಬಡ್ಡಿ ಬೆಳೆಯುತ್ತಿದೆ ಎಂದು ನಾನು ಪ್ರತಿ ಶ್ರಾವಣದಲ್ಲಿ ಫೋನು ಮಾಡಿ ನೆನಪಿಸುತ್ತೇನೆ.